ಮೂಳೆ ಕೂರುವ ಜಾಗದಲ್ಲಿ ಕುಂಕುಮ

ಆಯುಧಪೂಜೆಯ ಮಾರನೇ ದಿನ ಚಾಮರಾಜಪೇಟೆಯಲ್ಲಿ ನಡೆಯಬೇಕೆಂದರೆ ಕಣ್ಣು ನೆಲದ ಮೇಲೇ ಇರಬೇಕು. ಅಂಗಡಿ, ಗ್ಯಾರೇಜು, ಗೇಟು, ಯಾವುದನ್ನೂ ಬಿಡದೆ ಎಲ್ಲದರ ಮುಂದೆಯೂ ಒಡೆದ ಬೂದುಗುಂಬಳಕಾಯಿ. ಬಿಳಿ ತಿರುಳಿನಲ್ಲಿ ಕುಂಕುಮ ಕದಡಿ ಕೆಂಪು ನೀರಾಗಿ ರಸ್ತೆಗೆ ಹರಿದಿರುತ್ತದೆ. ಅದರ ಮೇಲೆ ಒಂದು ಮಳೆ ಬಿದ್ದರಂತೂ ಕೇಳುವುದೇ ಬೇಡ, ಸ್ಕೂಟರ್‌ನವರು ಒಬ್ಬರಾದ ಮೇಲೆ ಒಬ್ಬರು ಜಾರುತ್ತಾರೆ. ಹಸಿ ಕುಂಬಳಕಾಯಿ, ನಿಂಬೆಹಣ್ಣು, ಬಾಡಿದ ಚೆಂಡುಹೂವು ಎಲ್ಲ ಸೇರಿ ಒಂದು ವಾಸನೆ ಬರುತ್ತದಲ್ಲ, ಈ ಸಲ ಅದು ಮೂಗಿಗೆ ಬಡಿದಾಗ ನನ್ನ ಪಕ್ಕದಲ್ಲಿ ಅವ್ವ ಇದ್ದಳು.

ಅವ್ವ ಈ ಬೀದಿಗಳನ್ನು ಗುಡಿಸಿದವಳು. ಕಾರ್ಪೊರೇಷನ್‌ನಲ್ಲಿ ಪೌರಕಾರ್ಮಿಕಳಾಗಿದ್ದು, ಇಲ್ಲಿನ ಕಸ ಬಾಚಿ ನನ್ನನ್ನು ಎಂ.ಎಸ್ಸಿ. ತನಕ ಓದಿಸಿದವಳು. ಹಬ್ಬದ ಮಾರನೇ ಬೆಳಿಗ್ಗೆ ಊರೆಲ್ಲ ಹೊದ್ದು ಮಲಗಿರುವಾಗ ಬಗ್ಗಿ ಬಗ್ಗಿ ಈ ಹೋಳುಗಳನ್ನು ಎತ್ತುತ್ತಿದ್ದವಳು. ಈಗ ರಿಟೈರ್ ಆಗಿದ್ದಾಳೆ, ಬೆನ್ನೂ ನೆಟ್ಟಗಾಗಿದೆ, ಆದರೆ ಜಾಸ್ತಿ ಬಗ್ಗಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಹಾಗಾಗಿ ಅವಳು ಬಗ್ಗಲಿಲ್ಲ. ಚಪ್ಪಲಿ ತುದಿಯಿಂದ ಒಂದು ದೊಡ್ಡ ಹೋಳನ್ನು ಮೋರಿ ಕಡೆಗೆ ತಳ್ಳಿ, ಆ ಮನೆಯ ಗೇಟಿಗೆ ಕೇಳಿಸುವ ಹಾಗೆ ಹೇಳಿದಳು:

"ಒಡೆಯೋಕೆ ಮಾತ್ರ ಕೈ ಇರ್ತದೆ ಇವ್ರಿಗೆ. ಎತ್ತೋಕೆ ಇರಲ್ಲ."

ಅದು ಯಾರ ಮನೆಯ ಗೇಟು ಅಂತ ಅವಳಿಗೆ ನೆನಪಿತ್ತೋ ಇಲ್ಲವೋ ಗೊತ್ತಿಲ್ಲ. ನನಗೆ ನೆನಪಿತ್ತು. ಅದರ ಹಿತ್ತಲಿನಲ್ಲೇ ನಾನು ಕೆಲಸ ಮಾಡುತ್ತಿದ್ದದ್ದು, ಅಲ್ಲಿಂದಲೇ ಒಂದು ದಸರೆಯಲ್ಲಿ ನನ್ನನ್ನು ಆಚೆ ಹಾಕಿದ್ದು. ಜನಕ್ಕೆ ಆ ವಾಸನೆ ಬಂದರೆ ಹಬ್ಬ ನೆನಪಾಗುತ್ತದೆ. ನನಗೆ ಒಂದು ಸ್ಟೀಲ್ ಟ್ರೇ ನೆನಪಾಗುತ್ತದೆ, ಜೊತೆಗೆ ಸಿಟ್ಟು ಬರುತ್ತದೆ. ಬರಲಿ ಬಿಡಿ. ಆ ಸಿಟ್ಟನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಮನೆ ಪ್ರಕಾಶ್ ಸರ್ ಅವರದು. ಅವರ ತಂದೆಗೆ ಕಾಟನ್‌ಪೇಟೆಯಲ್ಲಿ ಪ್ಲೇಟಿಂಗ್ ಅಂಗಡಿ ಇತ್ತಂತೆ. ದೀಪದ ಕಂಬ, ಗಂಟೆ, ಮಂಗಳಾರತಿ ತಟ್ಟೆ, ಎಲ್ಲದಕ್ಕೂ ತೊಟ್ಟಿಯಲ್ಲಿ ಕರೆಂಟ್ ಹರಿಸಿ ನಿಕ್ಕಲ್ಲೋ ಬೆಳ್ಳಿಯೋ ಕೂರಿಸಿಕೊಡುವ ಕೆಲಸ. ಮಗ ಓದಿ ಬಂದು ಅದೇ ವಿದ್ಯೆಯನ್ನು ಬೇರೆ ಕಡೆಗೆ ತಿರುಗಿಸಿದರು. ವಯಸ್ಸಾಗಿ ತಂದೆ ಮನೆಯೊಳಗೇ ಉಳಿದ ಮೇಲೆ ಅಂಗಡಿ ಮುಚ್ಚಿ, ಚಾಮರಾಜಪೇಟೆಯ ಮನೆಯ ಹಿತ್ತಲಿನಲ್ಲಿ, ಹಿಂದೆ ದನ ಕಟ್ಟುತ್ತಿದ್ದ ಜಾಗದಲ್ಲಿ ಗಾಜಿನ ಗೋಡೆಯ ರೂಮು ಕಟ್ಟಿಸಿದರು. ಗಾಳಿಯನ್ನು ಸೋಸಿ ಒಳಗೆ ಬಿಡುವ ಮಿಷನ್ನು ಹಾಕಿಸಿದರು. ಅಲ್ಲಿ ತಯಾರಾಗುತ್ತಿದ್ದದ್ದು ಬೆನ್ನುಮೂಳೆಯೊಳಗೆ ಇಡುವ ಸಾಮಾನು.

ಬೆನ್ನಿನ ಎರಡು ಮಣಿಗಳ ನಡುವೆ ಒಂದು ಮೆತ್ತೆ ಇರುತ್ತದೆ. ಅದು ಸವೆದು ಕೆಟ್ಟರೆ ಡಾಕ್ಟರು ಅದನ್ನು ತೆಗೆದು, ಆ ಜಾಗದಲ್ಲಿ ಟೈಟಾನಿಯಂನ ಪುಟ್ಟ ಪೆಟ್ಟಿಗೆ ಇಡುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ನಡುವೆ ಖಾಲಿ. ನಾವು ಅದನ್ನು ಕೇಜ್ ಅನ್ನುತ್ತಿದ್ದೆವು. ಮೇಲಿನ ಮಣಿಯಿಂದಲೂ ಕೆಳಗಿನ ಮಣಿಯಿಂದಲೂ ಮೂಳೆ ಬೆಳೆದು ಬಂದು ಆ ಖಾಲಿಯಲ್ಲಿ ಒಂದಕ್ಕೊಂದು ಸೇರಿಕೊಂಡರೆ ಬೆನ್ನು ಗಟ್ಟಿಯಾಯಿತು ಅಂತ ಅರ್ಥ. ಆದರೆ ಬರೀ ಲೋಹ ಇಟ್ಟರೆ ಮೂಳೆ ಅಷ್ಟು ಸಲೀಸಾಗಿ ಹತ್ತಿರ ಬರುವುದಿಲ್ಲ. ಕೆಲವರಲ್ಲಿ ನಡುವೆ ಮೆತ್ತನೆ ಪೊರೆ ಕಟ್ಟಿ ದೂರವೇ ನಿಂತುಬಿಡುತ್ತದೆ. ಅದಕ್ಕೇ ಕೋಟಿಂಗು. ಮೂಳೆಯಲ್ಲಿ ಇರುವ ಸುಣ್ಣದಂಥ ವಸ್ತುವನ್ನೇ ತೊಟ್ಟಿಯಲ್ಲಿ ಕರೆಂಟ್ ಹರಿಸಿ ಲೋಹದ ಮೇಲೆ ತೆಳ್ಳಗೆ ಕೂರಿಸುವುದು. ಮೂಳೆ ಬಂದು ಮುಟ್ಟಿ, ಇದು ನಮ್ಮದೇ ಅಂದುಕೊಂಡು ಅಲ್ಲಿ ಬೇರು ಬಿಡಬೇಕು. ಎಲ್ಲಿಂದಲೋ ಬಂದ ಲೋಹವನ್ನು ನಮ್ಮದು ಅನ್ನುವುದಕ್ಕೆ ಮೂಳೆಗೆ ಕೆಲವು ತಿಂಗಳು ಸಾಕು. ಮನುಷ್ಯರ ವಿಷಯ ಆಮೇಲೆ ಹೇಳುತ್ತೇನೆ.

ನನ್ನದು ಕ್ವಾಲಿಟಿ ಕೆಲಸ. ತೊಟ್ಟಿಯಿಂದ ಬಂದ ಪ್ರತಿ ಕೇಜನ್ನೂ ನೋಡಿ, ಸರಿ ಇದ್ದರೆ ಸೈನ್ ಹಾಕಬೇಕು. ನನ್ನ ಸೈನ್ ಇಲ್ಲದೆ ಒಂದೂ ಆಚೆ ಹೋಗುವ ಹಾಗಿಲ್ಲ. ತೊಟ್ಟಿ ನೋಡಿಕೊಳ್ಳುತ್ತಿದ್ದವನು ಹರೀಶ, ನನ್ನ ವಯಸ್ಸಿನವನೇ, ಕೈ ಬಲು ಚೊಕ್ಕ, ಬಾಯಿ ಮಾತ್ರ ಸಡಿಲ. ಮನೆಯ ಯಜಮಾನಿ ಪ್ರಕಾಶ್ ಸರ್ ಅವರ ತಾಯಿ ಗೌರಮ್ಮ. ಮಧ್ಯಾಹ್ನ ನಮಗೆಲ್ಲ ಮಜ್ಜಿಗೆ ಕಳಿಸುತ್ತಿದ್ದರು. ನನ್ನನ್ನು "ನಮ್ಮ ಸುಜಾತ" ಅಂತಲೇ ಕರೆಯುತ್ತಿದ್ದರು. ಗೌರಿಹಬ್ಬದಲ್ಲಿ ಮಾತ್ರ, ಬಂದ ಹೆಂಗಸರಿಗೆಲ್ಲ ತಾವೇ ಕುಂಕುಮ ಇಟ್ಟು, ನನ್ನ ಸರದಿ ಬಂದಾಗ ಭರಣಿಯನ್ನು ಮೆಟ್ಟಿಲ ಮೇಲೆ ಇಟ್ಟು "ತಗೋಮ್ಮ" ಅಂದರು. ನಮ್ಮ ಮನೆಯಲ್ಲಿ ಗೋಡೆ ಮೇಲಿರುವುದು ಬುದ್ಧನ ಫೋಟೋ, ನಾನು ಕುಂಕುಮ ಇಡುವವಳೇ ಅಲ್ಲ. ಆದರೂ ಆ ಮೆಟ್ಟಿಲು ನನ್ನ ಕಣ್ಣಿಗೆ ಬಿತ್ತು. ಬೀಳದೆ ಇರುತ್ತದೆಯೇ?

ಆ ವರ್ಷ ದಸರೆ ಬಂದರೂ ಮಳೆ ಬಿಟ್ಟಿರಲಿಲ್ಲ. ಹಿತ್ತಲಲ್ಲಿ ಗೋಡೆಯೆಲ್ಲ ಪಾಚಿ, ರೂಮಿನೊಳಗೆ ತೇವ ಏರದ ಹಾಗೆ ನೋಡಿಕೊಳ್ಳುವುದೇ ಒಂದು ಪಾಡು. ಆ ತೇವದಲ್ಲೇ ನಮ್ಮ ಮೊದಲನೇ ಬ್ಯಾಚ್ ತಯಾರಾಗಿತ್ತು. ಪರೀಕ್ಷೆ, ಪರವಾನಗಿ ಎಲ್ಲ ಮುಗಿಸಿ, ಮೊದಲ ಬಾರಿಗೆ ನಿಜವಾದ ಮನುಷ್ಯರ ಬೆನ್ನಿಗೆ ಹೋಗಲಿದ್ದ ಕೇಜುಗಳು. ಬಡವರೇ ಹೆಚ್ಚಾಗಿ ಬರುವ ಒಂದು ಆಸ್ಪತ್ರೆ ಕೇಳಿತ್ತು. ಹಬ್ಬ ಮುಗಿದ ಕೂಡಲೇ ಕಳಿಸಬೇಕಿತ್ತು.

ಹಬ್ಬದ ಹಿಂದಿನ ದಿನವೇ ನಾನು ಹೇಳಿದ್ದೆ, "ಪೂಜೆ ಏನಿದ್ರೂ ಗಾಜಿನ ಬಾಗಿಲಿನ ಆಚೆಗೆ ಮಾಡಿ ಸರ್. ಒಳಗೆ ಒಂದು ಹೂವಿನ ಎಸಳೂ ಬರಬಾರದು." ಗೌರಮ್ಮನವರಿಗೂ ಹೇಳಿದೆ. "ಆಯ್ತಮ್ಮ, ನೀನು ಹೇಳಿದ್ ಮೇಲೆ ಆಯ್ತು" ಅಂದರು. ನಾನು ನಿಶ್ಚಿಂತೆಯಾಗಿ ರಜೆಗೆ ಮನೆಗೆ ಹೋದೆ.

ರಜೆ ಮುಗಿಸಿ ಬಂದು ರೂಮಿನ ದೀಪ ಹಾಕಿದೆ. ಮೇಜಿನ ಮೇಲೆ ಟ್ರೇ ಇತ್ತು. ಟ್ರೇಯಲ್ಲಿದ್ದ ಒಂದೊಂದು ಕೇಜಿನ ನೆತ್ತಿಗೂ ಒಂದೊಂದು ಬೊಟ್ಟು ಅರಿಶಿನ, ಅದರ ಮೇಲೆ ಒಂದೊಂದು ಬೊಟ್ಟು ಕುಂಕುಮ. ಎಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದರೆಂದರೆ ಒಂದನ್ನೂ ಬಿಟ್ಟಿರಲಿಲ್ಲ. ಟ್ರೇಯ ಮೂಲೆಯಲ್ಲಿ ಒಂದು ಸೇವಂತಿಗೆ.

ನನಗೆ ಮೊದಲು ಬಂದದ್ದು ನಗು. ನಿಜ ಹೇಳುತ್ತೇನೆ, ಒಂದು ಕ್ಷಣ ನಕ್ಕುಬಿಟ್ಟೆ. ಆಮೇಲೆ ಬಾಗಿಲಿಗೆ ಬಂದು ಹರೀಶನನ್ನು ಕರೆದೆ.

"ಹರೀಶ, ಯಾರೋ ಒಳಗೆ ಬಂದಿದ್ದು?"

"ಅಮ್ಮಾವ್ರು ಮೇಡಂ," ಅಂದ. "ಹಳೇ ಅಂಗಡೀಲಿ ಮೊದಲನೇ ಟ್ರೇಗೆ ಯಾವಾಗ್ಲೂ ಅವ್ರೇ ಕುಂಕುಮ ಇಡ್ತಿದ್ರಂತೆ. ಸಾಮಾನು ಮುಟ್ಟದೆ ಮಾಡಿದ್ರೆ ಅದೆಂಥಾ ಪೂಜೆ ಅಂದ್ರು. ಸರ್ ಗೇಟ್ ಹತ್ರ ಕುಂಬಳಕಾಯಿ ಒಡೀತಿದ್ರು, ನಾನೇ ಬಾಗಿಲು ತೆಗೆದೆ." ನನ್ನ ಮುಖ ನೋಡಿ ಬೇಗ ಸೇರಿಸಿದ, "ಹಂಗೇ ಬಿಟ್ಟಿಲ್ಲ ಮೇಡಂ. ಟೋಪಿ, ಮಾಸ್ಕು, ಗ್ಲೌಸು ಎಲ್ಲಾ ಹಾಕಿಸೇ ಕರ್ಕೊಂಡು ಹೋಗಿದ್ದು. ರೂಲ್ಸ್ ಪ್ರಕಾರ."

ಏನು ಹೇಳಲಿ ಇವನಿಗೆ! ಗ್ಲೌಸ್ ಹಾಕಿಕೊಂಡ ಬೆರಳಲ್ಲಿ ಕುಂಕುಮ. ರೂಲ್ಸ್ ಪ್ರಕಾರ.

ಪ್ರಕಾಶ್ ಸರ್ ಬಂದು ನೋಡಿದರು. ಅವರು ಕೆಟ್ಟವರಲ್ಲ, ಕೆಲಸ ಗೊತ್ತಿಲ್ಲದವರೂ ಅಲ್ಲ. ಟ್ರೇ ಕಂಡದ್ದೇ "ಅಯ್ಯೋ ಶಿವನೇ" ಅಂತ ಕುರ್ಚಿಯಲ್ಲಿ ಕುಸಿದರು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು, ಯಾವಾಗ ಕಳಿಸ್ತೀರಾ ಅಂತ. ಮಾತಾಡಿ ಫೋನ್ ಇಟ್ಟ ಮೇಲೆ ಅವರ ದನಿ ಬೇರೆಯಾಗಿತ್ತು.

"ಚೆನ್ನಾಗಿ ತೊಳೆದು, ಸ್ಟೆರಿಲೈಸ್ ಮಾಡಿಸಿದ್ರೆ ಆಗತ್ತೆ ಅಲ್ವಾ ಸುಜಾತ? ಕ್ರಿಮಿ ಗಿಮಿ ಏನಿದ್ರೂ ಸಾಯತ್ತೆ."

"ಕ್ರಿಮಿ ಸಾಯತ್ತೆ ಸರ್. ಬಣ್ಣ ಸಾಯಲ್ಲ. ಪೇಟೆ ಕುಂಕುಮ, ಅದರಲ್ಲಿ ಏನು ಬೆರೆಸಿದಾರೋ ಮಾರೋರಿಗೂ ಗೊತ್ತಿಲ್ಲ. ನಮ್ಮ ಕೋಟಿಂಗು ಎಷ್ಟು ತೂತು ಅಂತ ನಿಮಗೇ ಗೊತ್ತು. ಮೂಳೆ ಬಂದು ಕೂರಲಿ ಅಂತ ತಾನೇ ನಾವು ಹಾಗೆ ಮಾಡಿರೋದು? ಆ ಜಾಗದಲ್ಲಿ ಈಗ ಕುಂಕುಮ ಕೂತಿದೆ."

"ಇಷ್ಟು ಬೊಟ್ಟಿಗೆ ಏನಾಗತ್ತೆ?"

"ಏನಾಗತ್ತೆ ಅಂತ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದೆ ಇರೋದನ್ನ ಒಬ್ಬರ ಬೆನ್ನಲ್ಲಿ ಇಟ್ಟು ಹೊಲಿಗೆ ಹಾಕೋಕಾಗಲ್ಲ ಸರ್. ಇದು ರಿಜೆಕ್ಟು. ಕೋಟಿಂಗ್ ಬಿಡಿಸಿ ಮೊದಲಿಂದ ಮಾಡೋಣ."

ಮೊದಲಿಂದ ಮಾಡುವುದು ಅಂದರೆ ವಾರಗಟ್ಟಲೆ ಕೆಲಸ. ಅಷ್ಟು ದಿನ ಆಸ್ಪತ್ರೆ ಕಾಯುವುದಿಲ್ಲ, ಹೊರದೇಶದ ಮಾಲಿಗೆ ಹೋಗಿಬಿಡುತ್ತದೆ, ಈ ಸಲ ತಪ್ಪಿದರೆ ನಮ್ಮನ್ನು ಇನ್ನು ಯಾರೂ ಕೇಳುವುದಿಲ್ಲ. ಇದನ್ನೆಲ್ಲ ಅವರು ಹೇಳಿದರು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೊನೆಗೆ, "ಅಮ್ಮನಿಗೆ ಏನಂತ ಹೇಳ್ಲಿ? ನೀವು ಇಟ್ಟ ಕುಂಕುಮದಿಂದ ಎಲ್ಲಾ ಹಾಳಾಯ್ತು ಅಂತಲಾ?" ಅಂದರು.

"ಹೌದು, ಹಾಗೇ ಹೇಳಿ."

ಆಗ ಬಾಗಿಲಲ್ಲಿ ನಿಂತಿದ್ದ ಹರೀಶ ಬಾಯಿ ಹಾಕಿದ. "ಮೇಡಂಗೆ ಪೂಜೆ ಗೀಜೆ ಆಗಲ್ಲ ಅಲ್ವಾ ಸರ್. ಬಾಗಿಲಾಚೆಗೆ ಮಾಡಿ ಅಂತ ಮೊದಲೇ ಹೇಳಿರ್ಲಿಲ್ವಾ? ಕುಂಕುಮ ಕಂಡ್ರೆ ಆಗದೋರು ಇನ್ನೇನ್ ಹೇಳ್ತಾರೆ. ಅವರ ಜನಾನೇ ಹಂಗೆ."

ಅವರ ಜನ. ಬಾಗಿಲು ತೆಗೆದವನು ಅವನು, ಗ್ಲೌಸ್ ತೊಡಿಸಿದವನು ಅವನು, ಈಗ ತಪ್ಪು ನನ್ನ ಜನದ್ದು. ಅವನ ಮಾತಿಗಿಂತ ನನಗೆ ಹೆಚ್ಚು ಉರಿದದ್ದು ಪ್ರಕಾಶ್ ಸರ್ ಸುಮ್ಮನಿದ್ದದ್ದು. ಒಂದು "ಏಯ್ ಹರೀಶ" ಅಂದಿದ್ದರೂ ಸಾಕಿತ್ತು. ಅವರು ಕಿಟಕಿ ಕಡೆ ನೋಡಿ, "ನಾಳೆ ಬೆಳಿಗ್ಗೆ ಯೋಚಿಸಿ ಹೇಳಿ ಸುಜಾತ" ಅಂದರು. ಯೋಚಿಸುವುದಕ್ಕೆ ಏನಿತ್ತು ಅದರಲ್ಲಿ?

ಸಂಜೆ ಗವಿಪುರಂಗೆ, ನಮ್ಮ ವಠಾರದ ಮನೆಗೆ ಬಂದೆ. ಅವ್ವ ಗೋಡೆಗೆ ಒರಗಿ, ಸೊಂಟದ ಹಿಂದೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. ಮೋಟು ಪೊರಕೆಯಲ್ಲಿ ಬಗ್ಗಿ ಗುಡಿಸಿ ಗುಡಿಸಿ ಅವಳ ಬೆನ್ನಿನ ಮೆತ್ತೆ ಸವೆದಿತ್ತು, ಎಡಗಾಲು ಆಗಾಗ ಜೋಮು ಹಿಡಿಯುತ್ತಿತ್ತು. ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದ್ದರು. ಇವಳು "ನಾನು ಕಬ್ಬಿಣ ಹಾಕಿಸ್ಕೊಳಲ್ಲ" ಅಂತ ಹಟ ಹಿಡಿದಿದ್ದಳು. ಮನೆಯಲ್ಲಿ ಬುದ್ಧನ ಫೋಟೋ ಇದ್ದರೂ ಸಂಕ್ರಾಂತಿಗೆ ಗವಿ ಗಂಗಾಧರೇಶ್ವರನ ಮುಂದೆ ಹೋಗಿ ನಿಂತು ಬರುವವಳು ನಮ್ಮವ್ವ. ಕೇಳಿದರೆ, "ಇಬ್ಬರೂ ಬೇಕು ಕಣೇ, ಯಾರ ಕೈ ಬಿಡುವಾಗಿರ್ತದೋ ಯಾರಿಗ್ ಗೊತ್ತು" ಅನ್ನುತ್ತಿದ್ದಳು.

ನಡೆದದ್ದನ್ನೆಲ್ಲ ಹೇಳಿದೆ. ಅವ್ವ ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡಿದ್ದೆ.

"ಸೈನ್ ಹಾಕ್ಬುಡು," ಅಂದಳು.

"ಏನವ್ವ?"

"ಹಾಕ್ಬುಡು ಅಂದೆ. ಅವರ ಮನೆ, ಅವರ ಸಾಮಾನು, ಅವರ ಕುಂಕುಮ. ನಿನಗ್ಯಾಕೆ ಊರ ಉಸಾಬರಿ? ಮಳೆ ಬಿಸಿಲು ಅನ್ನದೆ ಬೀದಿ ಗುಡಿಸಿ ನಿನ್ನ ಫ್ಯಾನ್ ಕೆಳಗೆ ಕೂರ್ಸಿದೀನಿ. ಎದ್ದು ಬಂದ್ಬುಟ್ಟೀಯ."

"ಆ ಕೇಜು ನಿನ್ನ ಬೆನ್ನಿಗೆ ಬಂದ್ರೆ ಹಾಕಿಸ್ಕೊಳ್ತೀಯಾ?"

ಅವ್ವ ಬಿಸಿನೀರಿನ ಚೀಲವನ್ನು ಸರಿಮಾಡಿಕೊಂಡಳು. "ಬಂದ್ರೆ ಬಂತು. ನಂಗೆ ಹೆಂಗ್ ಗೊತ್ತಾಯ್ತದೆ? ಮತ್ತು ಬರಿಸಿ ಮಲಗಿಸ್ತಾರೆ, ಕುಯ್ತಾರೆ, ಏನೋ ಇಡ್ತಾರೆ, ಹೊಲೀತಾರೆ. ಒಳಗೆ ಏನ್ ಇಟ್ರು ಅಂತ ನಮ್ಮಂಥೋರಿಗೆ ಯಾರು ಹೇಳ್ತಾರೆ?"

ನನ್ನ ಕೆಲಸ ಉಳಿಯಲಿ ಅಂತ ಆಡಿದ ಮಾತು ಅದು. ಅವಳ ಮಟ್ಟಿಗೆ ಅಲ್ಲಿಗೆ ಮುಗಿಯಿತು, ಎದ್ದು ಮುದ್ದೆ ಮಾಡಲು ಹೋದಳು. ನನಗೆ ಮಾತ್ರ ಮೈಯೆಲ್ಲ ಬೆಂಕಿ ಇಟ್ಟ ಹಾಗಾಯಿತು. ಆ ಟ್ರೇ ಹೋಗುತ್ತಿದ್ದದ್ದು ಇಂಥವರ ಬೆನ್ನಿಗೇ. ಹೊರೆ ಹೊತ್ತವರು, ಗಾರೆ ಕಲಸಿದವರು, ಬೀದಿ ಗುಡಿಸಿದವರು. ಕೇಳಬಹುದು ಅಂತ ಕೂಡ ಗೊತ್ತಿಲ್ಲದವರು. ಅವರ ಪರವಾಗಿ ಒಳಗೇನಿದೆ ಅಂತ ನೋಡುವ ಕಣ್ಣು ಆ ರೂಮಿನಲ್ಲಿ ನನ್ನದೊಂದೇ. ಅದನ್ನೂ ಮುಚ್ಚಿಕೊಂಡು ಸೈನ್ ಹಾಕಬೇಕಂತೆ!

"ಹಾಕಲ್ಲ ಅವ್ವ," ಅಂದೆ ಅಡುಗೆಮನೆ ಕಡೆಗೆ.

"ನಿಂಗೆ ನಿಮ್ಮಪ್ಪನ ಕೊಬ್ಬು ಬಂದಿದೆ," ಅಂದಳು ಅವ್ವ ಒಳಗಿನಿಂದ. ಊಟ ಮಾತ್ರ ಬಿಸಿಬಿಸಿಯಾಗಿ ಬಡಿಸಿದಳು.

ಬೆಳಿಗ್ಗೆ ಹೋದಾಗ ಗಾಜಿನ ಗೋಡೆಯ ಮುಂದೆ ಗೌರಮ್ಮನವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ದೊಡ್ಡ ಅಂಚಿನ ಸೀರೆ, ಹಣೆ ತುಂಬ ಕುಂಕುಮ. ಅಕ್ಕಪಕ್ಕ ಪ್ರಕಾಶ್ ಸರ್, ಹರೀಶ. ನನಗೆ ಅಂತ ಪಂಚಾಯ್ತಿ ಸೇರಿತ್ತು.

"ಬಾಮ್ಮ ಸುಜಾತ," ಅಂದರು. "ನನ್ನ ಕುಂಕುಮದಲ್ಲಿ ಅದೇನು ಕೊಳೆ ಇದೆ, ತೋರ್ಸು ನೋಡೋಣ."

ನಾನು ಬಾಗಿಲು ತೆಗೆದು, ಒಂದು ಕೇಜನ್ನು ತಂದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಗೋಡೆಯ ಸ್ಕ್ರೀನ್ ಮೇಲೆ ಅದು ದೊಡ್ಡದಾಗಿ ಕಂಡಿತು. ಬಿಳೀ ಕೋಟಿಂಗು, ಸೆಟ್ ದೋಸೆಯ ಹಾಗೆ ತೂತು ತೂತು. ತೂತುಗಳ ಒಳಗೆ ಕೆಂಪು, ಅಲ್ಲಲ್ಲಿ ಹಳದಿ.

"ಇಲ್ಲಿ ನೋಡಿ ಅಮ್ಮ. ಈ ತೂತಿನೊಳಗೆ ಮೂಳೆ ಬೇರು ಬಿಡಬೇಕಾಗಿತ್ತು."

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ತೊಳೆದ್ರೆ ಹೋಗಲ್ವಾ?"

"ನೀರಲ್ಲಿ ಪೂರ್ತಿ ಹೋಗಲ್ಲ. ಹೋಗೋ ಹಾಗೆ ತೊಳೆದ್ರೆ ಕೋಟಿಂಗೇ ಹೋಗತ್ತೆ."

"ಈ ಮನೆಗೆ ಸೊಸೆಯಾಗಿ ಬಂದಾಗಿಂದ ಇಡ್ತಿದೀನಿ. ಯಾವತ್ತೂ ಒಂದು ಸಾಮಾನು ಕೆಟ್ಟಿಲ್ಲ. ನಮ್ಮೆಜಮಾನ್ರು ನಾನು ಇಡೋ ತನಕ ಗಾಡೀನೇ ಹತ್ತಿಸ್ತಿರ್ಲಿಲ್ಲ."

"ಅದು ದೀಪ ಅಮ್ಮ, ಗಂಟೆ. ಆಚೆ ಇರೋವು, ಒರೆಸಿದ್ರೆ ಹೋಗತ್ತೆ. ಇದು ಮನುಷ್ಯನ ಒಳಗೆ ಹೋಗೋದು. ಒಳಗೆ ಹೋದ್ಮೇಲೆ ಯಾರು ಒರೆಸ್ತಾರೆ?"

ಗೌರಮ್ಮ ನನ್ನ ಕಡೆ ತಿರುಗಿದರು. "ನಿಂಗೆ ದೇವರಲ್ಲಿ ನಂಬ್ಕೆ ಇಲ್ಲ. ಅದಕ್ಕೇ ಹೀಗೆ ಮಾತಾಡ್ತೀಯ."

"ಇಲ್ಲ ಅಮ್ಮ, ನಂಬಿಕೆ ಇಲ್ಲ," ಅಂದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮ್ಮನೆ ಬುದ್ಧನ ಮುಂದೆ ಹಚ್ಚಿದ ಊದುಬತ್ತಿ ಬೂದಿ ಬಿದ್ದಿದ್ರೂ ನಾನು ರಿಜೆಕ್ಟ್ ಅಂತಲೇ ಬರೀತಿದ್ದೆ. ನಮ್ಮವ್ವನೇ ಬಂದು ಕೈ ಇಟ್ಟಿದ್ರೂ ಅಷ್ಟೆ. ನಮ್ಮ ಜನ ಹೇಗೆ ಅಂತ ಹರೀಶ ನಿನ್ನೆ ಹೇಳಿದ. ಹೀಗೇ. ಸರಿ ಇಲ್ಲದ್ದನ್ನ ಸರಿ ಅನ್ನಲ್ಲ."

ಪ್ರಕಾಶ್ ಸರ್‌ಗೆ ರೇಗಿತು. ಇಷ್ಟು ದಿನ ನೀವು ಅನ್ನುತ್ತಿದ್ದವರು ಅವತ್ತು ನೀನು ಅಂದರು. "ಸಾಕು ನಿಲ್ಲಿಸು. ನೀನು ಒಂದು ವಾರ ರಜೆ ತಗೊಂಡು ಮನೇಲಿರು. ಹರೀಶ ಸೈನ್ ಹಾಕ್ತಾನೆ."

ಹರೀಶ ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದ. ಹಾಕಿಬಿಡುತ್ತಿದ್ದ, ಅದರಲ್ಲಿ ಅನುಮಾನವೇ ಇರಲಿಲ್ಲ. ತೊಳೆದು ಒರೆಸಿ ಕಳಿಸಿಬಿಡುತ್ತಿದ್ದರು.

ಹಿತ್ತಲ ಮೂಲೆಯಲ್ಲಿ ಆಸಿಡ್ ತೊಟ್ಟಿ ಇತ್ತು. ಕೆಟ್ಟ ಕೋಟಿಂಗನ್ನು ಬಿಡಿಸುವುದಕ್ಕೆ ಅಂತಲೇ ಇಟ್ಟದ್ದು. ಅದರಲ್ಲಿ ಮುಳುಗಿಸಿದರೆ ಬಿಳಿ ಲೇಪವೆಲ್ಲ ಕರಗಿ ಬರೀ ಟೈಟಾನಿಯಂ ಉಳಿಯುತ್ತದೆ, ಲೋಹಕ್ಕೇನೂ ಆಗುವುದಿಲ್ಲ. ನಾನು ಉದ್ದ ಗ್ಲೌಸು ಏರಿಸಿಕೊಂಡೆ, ಒಳಗೆ ಹೋಗಿ ಟ್ರೇ ಎತ್ತಿಕೊಂಡೆ, ಸೂಕ್ಷ್ಮದರ್ಶಕದ ಕೆಳಗಿದ್ದ ಕೇಜನ್ನೂ ಅದರಲ್ಲಿ ಇಟ್ಟೆ. ಏನು ಮಾಡಲು ಹೊರಟಿದ್ದೇನೆ ಅಂತ ಅವರಿಗೆ ಹೊಳೆಯುವ ಹೊತ್ತಿಗೆ ತೊಟ್ಟಿಯ ಹತ್ತಿರ ಇದ್ದೆ.

"ಮೇಡಂ ಬೇಡ!" ಹರೀಶ ಓಡಿ ಬಂದು ಅಡ್ಡ ನಿಂತ.

"ಸರಿಯೋ ಆ ಕಡೆ. ಮೈಮೇಲೆ ಆಸಿಡ್ ಹಾರತ್ತೆ."

ಅವನು ಸರಿದ. ನಾನು ಟ್ರೇಯನ್ನು ಹಿಡಿಕೆ ಸಮೇತ ತೊಟ್ಟಿಯೊಳಗೆ ಇಳಿಬಿಟ್ಟೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ಸ್ವಲ್ಪ ಹೊತ್ತಿಗೆ ತೆಳು ಕೆಂಪು ಬಣ್ಣ ಮೇಲಕ್ಕೆ ಬಂದು ಚದುರಿತು. ಅಷ್ಟೂ ದಿನದ ನಮ್ಮ ಕೆಲಸ, ನಾನೇ ನೋಡಿ ಚೆನ್ನಾಗಿದೆ ಅಂದಿದ್ದ ಕೋಟಿಂಗು, ಕಣ್ಣ ಮುಂದೆಯೇ ಕರಗಿತು. ಹೊಟ್ಟೆ ಉರಿಯಿತು ನನಗೆ, ಯಾಕೆ ಉರಿಯಲ್ಲ? ಅದನ್ನು ಹರೀಶನಷ್ಟೇ ನಾನೂ ಕಷ್ಟಪಟ್ಟು ಮಾಡಿದ್ದೆ.

"ಈಗ ಸೈನ್ ಹಾಕಪ್ಪ," ಅಂದೆ ಅವನಿಗೆ.

ಪ್ರಕಾಶ್ ಸರ್ ಕೂಗಾಡಿದರು. ನಾಳೆಯಿಂದ ಈ ಕಡೆ ತಲೆ ಹಾಕಬೇಡ ಅಂದರು. ನಾನು ಗ್ಲೌಸು ಬಿಚ್ಚಿಟ್ಟು, ಕೋಟು ಮಡಚಿ ಕುರ್ಚಿ ಮೇಲೆ ಹಾಕಿ, ಬ್ಯಾಗು ತಗೊಂಡೆ. ಗೌರಮ್ಮ ಕೂತಲ್ಲಿಂದ ಎದ್ದಿರಲಿಲ್ಲ. ನಾನು ಅವರನ್ನು ದಾಟಿ ಹೋಗುವಾಗ, ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದ ನನ್ನ ಬರಿಗಾಲು ನೋಡಿ, "ಚಪ್ಪಲಿ ಹಾಕ್ಕೊಂಡು ನಡಿಯೇ, ಅಲ್ಲೆಲ್ಲ ಆಸಿಡ್ ಹನಿ ಬಿದ್ದಿದೆ" ಅಂದರು. ಅದು ಬೈಗುಳವೋ ಮಮತೆಯೋ ಇವತ್ತಿಗೂ ಗೊತ್ತಾಗಿಲ್ಲ.

ಆ ಕಾರ್ತಿಕವೆಲ್ಲ ನಾನು ಕೆಲಸವಿಲ್ಲದೆ ಅಲೆದೆ. ಇಂಟರ್‌ವ್ಯೂಗೆ ಓದೋಣ ಅಂತ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಹುಡುಕಿದೆ. ಬಸವನಗುಡಿಯಲ್ಲಿ ಕಡಲೆಕಾಯಿ ರಾಶಿ ಬಿದ್ದು, ಮಾರಾಟವಾಗಿ ಖಾಲಿಯೂ ಆಯಿತು. ಅವ್ವ ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಎದುರು ಮನೆಯವರು ಕೇಳಿದರೆ ಮಾತ್ರ, "ಇವಳೇ ಬಿಟ್ಬಂದ್ಳು, ಅವರಾಗೇನ್ ಬಿಡಿಸ್ಲಿಲ್ಲ" ಅಂತ ತಲೆ ಎತ್ತಿ ಹೇಳುತ್ತಿದ್ದಳು.

ಅಷ್ಟರಲ್ಲಿ ಒಂದು ದಿನ ಪ್ರಕಾಶ್ ಸರ್ ಫೋನ್ ಮಾಡಿದರು. ಕೇಜುಗಳಿಗೆ ಮೊದಲಿಂದ ಕೋಟಿಂಗ್ ಮಾಡಿದ್ದಾರಂತೆ. ಆಸ್ಪತ್ರೆಯವರು ಗೊಣಗಿದರೂ ಕಾದರಂತೆ. ಅಮ್ಮ ಈಗ ಕುಂಕುಮದ ತಟ್ಟೆಯನ್ನು ಗಾಜಿನ ಆಚೆಗೇ ಇಡುತ್ತಾರಂತೆ. "ನೀವು ವಾಪಸ್ ಬನ್ನಿ ಸುಜಾತ," ಅಂದರು. ಮತ್ತೆ ನೀವು ಆಗಿದ್ದೆ.

"ಬರ್ತೀನಿ ಸರ್. ಹರೀಶ ಆ ಮಾತನ್ನ ನಿಮ್ಮೆದುರಿಗೆ ಅಂದ. ನಿಮ್ಮೆದುರಿಗೇ ವಾಪಸ್ ತಗೊಳ್ಳಲಿ. ಆಮೇಲೆ ಬರ್ತೀನಿ."

"ಅದೆಲ್ಲ ಈಗ್ಯಾಕೆ ಬಿಡಿ. ಏನೋ ಬಾಯಿ ತಪ್ಪಿ ಅಂದಿದಾನೆ."

"ಹಾಗಾದ್ರೆ ಬಿಟ್ಟೆ ಸರ್," ಅಂದು ಫೋನ್ ಇಟ್ಟೆ. ಟೈಟಾನಿಯಂ ಆದರೆ ಮೈಮೇಲೆ ಲೇಪ ಹಾಕಿಕೊಂಡು, ನಾನೂ ನಿಮ್ಮವನೇ ಅಂತ ಒಪ್ಪಿಸಬಹುದು. ನನ್ನಿಂದ ಆಗಲ್ಲ. ಇದ್ದ ಹಾಗೇ ಒಪ್ಪಿಕೊಳ್ಳುವುದಾದರೆ ಒಪ್ಪಿಕೊಳ್ಳಲಿ. ಮೈಸೂರು ರಸ್ತೆ ಕಡೆ ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಈಗಲೂ ಅಲ್ಲೇ ಇದ್ದೇನೆ, ಈಗಲೂ ಸೈನ್ ಹಾಕುವುದೇ ನನ್ನ ಕೆಲಸ.

ಸಂಕ್ರಾಂತಿಯ ಹೊತ್ತಿಗೆ ಅವ್ವನ ಎಡಗಾಲು ಪೂರ್ತಿ ಎಳೆಯತೊಡಗಿತು. ಗವಿ ದೇವಸ್ಥಾನದ ಮೆಟ್ಟಿಲು ಇಳಿಯಲಾರದೆ ಮೇಲೆಯೇ ನಿಂತು ಕೈಮುಗಿದು ಬಂದಳು. ಆವತ್ತು ಸಂಜೆ, ನಾನು ಕೇಳದೆ, ತಾನಾಗಿಯೇ "ಹೂಂ, ಮಾಡಿಸು ಆಪರೇಷನ್ನು" ಅಂದಳು. ಕಬ್ಬಿಣದ ಮಾತು ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಆಯಿತು. ಆಪರೇಷನ್ ದಿನ ಬೆಳಿಗ್ಗೆ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಬಂದು, ಮಾದರಿಗೆ ಇಟ್ಟಿದ್ದ ಕೇಜನ್ನು ಕೈಯಲ್ಲಿ ಹಿಡಿದು ಎಲ್ಲ ವಿವರಿಸಿದರು. ಪ್ರಕಾಶ್ ಸರ್ ಕಡೆಯದಲ್ಲ, ನನ್ನ ಹೊಸ ಕಂಪನಿಯದೂ ಅಲ್ಲ, ಬೇರೆಲ್ಲಿಯದೋ. ಅದೇ ಬಿಳಿ ಲೇಪ. ಇದರ ಮೇಲೆ ಮೂಳೆ ಚೆನ್ನಾಗಿ ಬೆಳೆಯತ್ತೆ ಅಮ್ಮ ಅಂದರು. ನರ್ಸು ಹಸಿರು ಗೌನು ತಂದು ಮಂಚದ ಮೇಲೆ ಇಟ್ಟಳು. ಅವ್ವ ಅದನ್ನು ಮುಟ್ಟಲಿಲ್ಲ.

"ಇದಕ್ಕೆ ಸೈನ್ ಹಾಕಿದ್ದು ಯಾರು ಸ್ವಾಮಿ?" ಅಂದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ. "ಆಪರೇಷನ್‌ಗಾ? ನಿಮ್ಮ ಮಗಳೇ ಹಾಕಿದಾರಲ್ಲಮ್ಮ."

"ಅದಲ್ಲ. ನನ್ನೊಳಗೆ ಇಡೋ ಸಾಮಾನಿಗೆ. ಇದು ಸರಿ ಇದೆ, ಕಳಿಸ್ಬೋದು ಅಂತ ಸೈನ್ ಹಾಕಿರ್ತಾರಲ್ಲ ಒಬ್ಬರು, ಅವರು ಯಾರು ಅಂತ."

ಡಾಕ್ಟರು ಪೊಟ್ಟಣ ತರಿಸಿ ತಿರುಗಿಸಿ ನೋಡಿದರು. "ಬ್ಯಾಚ್ ನಂಬರ್ ಇದೆ ಅಮ್ಮ. ಹೆಸರು ಇರಲ್ಲ."

"ನಂಬರ್ ನಂಗ್ಯಾಕೆ? ಹೆಸರು ಕೇಳಿ."

"ಅಮ್ಮ, ಟೈಮಾಗ್ತಿದೆ, ಥಿಯೇಟರ್ ರೆಡಿ ಇದೆ."

"ಆಗ್ಲಿ ಬಿಡಿ. ನಾನಿನ್ನೂ ಬಟ್ಟೆ ಬದಲಾಯಿಸಿಲ್ಲ." ಅವ್ವ ಗೌನನ್ನು ಪಕ್ಕಕ್ಕೆ ಸರಿಸಿ ಮಂಚದ ಮೇಲೆ ಗಟ್ಟಿಯಾಗಿ ಕೂತಳು. ಬೆನ್ನು ನೋಯುತ್ತಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಅಕ್ಕಪಕ್ಕದ ಮಂಚದವರೆಲ್ಲ ಎದ್ದು ಕೂತು ನೋಡುತ್ತಿದ್ದರು. ನರ್ಸು ನನ್ನ ಕಡೆ ತಿರುಗಿ, "ನೀವಾದ್ರೂ ಸ್ವಲ್ಪ ಹೇಳಿ ಮೇಡಂ" ಅಂದಳು. ನಾನು ತಲೆಯಾಡಿಸಿ, ಆಗಲ್ಲ ಅಂದೆ.

ಡಾಕ್ಟರು, ಅವರ ದೊಡ್ಡತನ ಅನ್ನಬೇಕು, ಅಲ್ಲೇ ಫೋನ್ ತೆಗೆದು ಕಂಪನಿಗೆ ಹಚ್ಚಿದರು. ಅವರು ಇವರಿಗೆ, ಇವರು ಇನ್ನೊಬ್ಬರಿಗೆ ಅಂತ ಆಗಿ, ಕೊನೆಗೆ ಒಂದು ಹೆಸರು ಸಿಕ್ಕಿತು. ಯಾರೋ ಹೆಣ್ಣುಮಗಳು. ಡಾಕ್ಟರು ಫೋನನ್ನು ಕಿವಿಯಿಂದ ತೆಗೆದು ಆ ಹೆಸರು ಹೇಳಿ, "ಈಗ ಸಮಾಧಾನ ಆಯ್ತಾ ಅಮ್ಮ?" ಅಂದರು.

ಅವ್ವ ಆ ಹೆಸರನ್ನು ಒಂದು ಸಲ ತಾನೂ ಹೇಳಿಕೊಂಡಳು. ಗೌನನ್ನು ತೊಡೆ ಮೇಲೆ ಎತ್ತಿಕೊಂಡಳು, ಆದರೆ ಏಳಲಿಲ್ಲ.

"ಆ ತಾಯಿ ನೋಡಿ ಹಾಕಿದ್ಲಾ," ಅಂದಳು, "ಇಲ್ಲ, ಹಾಕು ಅಂದ್ರು ಅಂತ ಹಾಕಿದ್ಲಾ? ಅದನ್ನ ಕೇಳಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಅವ್ವನ ಪಕ್ಕ ಹೋಗಿ ನಿಂತೆ. ಅವರು ಫೋನನ್ನು ಮತ್ತೆ ಕಿವಿಗೆ ಇಟ್ಟುಕೊಂಡರು.